ಎಡಗೈಗೆ ಒದಗುವ ಬಂದೂಕು

ಅಂಗಡಿಯವನು ನನ್ನ ಗಂಡನ ತೋಳಿನ ಉದ್ದ ನೋಡಿ ನನಗೆ ಬಂದೂಕು ಆರಿಸಿದ. ಲೈಸೆನ್ಸ್ ಇದ್ದದ್ದು ನನ್ನ ಹೆಸರಿನಲ್ಲಿ. ಗಂಡ ಬಂದದ್ದು ಕಾರು ಓಡಿಸಲಿಕ್ಕೆ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನಾನು ಧಾರವಾಡದ ಕಡೆಯವಳು, ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ನರ್ಸ್ ಕೆಲಸ. ಊರ ಹೊರಗೆ, ಗುಡ್ಡದ ಬುಡದಲ್ಲಿ ನಮಗೊಂದಿಷ್ಟು ಜಮೀನಿದೆ. ಹಳ್ಳದ ದಂಡೆಗುಂಟ ನೆಟ್ಟ ಗಿಡಗಳನ್ನೆಲ್ಲ ಕಾಡುಮೇಕೆಗಳು ಇಳಿದು ಬಂದು ಬೋಳಿಸಿಬಿಡುತ್ತಿದ್ದವು. ಬೇಲಿ ಹಾಕಿದೆವು, ಹಾರಿದವು. ಎತ್ತರ ಮಾಡಿದೆವು, ಅಡಿಯಿಂದ ನುಸುಳಿದವು. ಪಕ್ಕದ ಜಮೀನಿನಲ್ಲಿ ಕುರಿ ಸಾಕುವ ಹಿರಿಯ ಕೀವಿ ಹೆಂಗಸು ಒಂದು ದಿನ, "ಅಳುತ್ತಾ ಕೂರಬೇಡ, ಗುಂಡು ಹೊಡೆಯುವುದು ಕಲಿ" ಎಂದಳು. ನನ್ನ ಗಂಡನಿಗೆ ಬಂದೂಕಿನ ಸದ್ದೇ ಆಗದು. ಹಾಗಾಗಿ ಕಲಿತವಳು ನಾನು. ತರಬೇತಿಗೆ ಹೋದೆ, ಪರೀಕ್ಷೆ ಬರೆದೆ, ಮನೆಗೇ ಬಂದು ಮೂಲೆಮೂಲೆ ನೋಡಿದ ಅಧಿಕಾರಿಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಬಂದೂಕಿಡುವ ಉಕ್ಕಿನ ಪೆಟ್ಟಿಗೆಯ ಕೀಲಿ ಎಲ್ಲಿದೆಯೆಂದು ಲೈಸೆನ್ಸ್ ಇಲ್ಲದ ಗಂಡನಿಗೂ ಗೊತ್ತಿರಬಾರದು. ಇಲ್ಲಿಯ ಕಾನೂನು ಅಷ್ಟು ಬಿಗಿ.

ತೊಡಕು ಒಂದೇ, ನಾನು ಎಡಚಿ. ನೆರೆಯವಳ ರೈಫಲ್ಲಿಗೆ ಪ್ರತಿ ಗುಂಡಿಗೂ ಬಲಗಡೆಯ ಬೋಲ್ಟ್ ಎಂಬ ಸರಳನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ನಾನು ಎಡಗೈಯನ್ನು ಆ ಕಡೆ ದಾಟಿಸುವಷ್ಟರಲ್ಲಿ ಮೇಕೆ ಗುಡ್ಡದಾಚೆ ಇರುತ್ತಿತ್ತು. ನನ್ನ ಪರದಾಟ ನೋಡಲಾರದೆ ಅವಳು ತನ್ನ ತಂದೆಯ ಕಾಲದ ಲಿವರ್ ಕಾರ್ಬೈನ್ ತಂದು ಕೈಗಿತ್ತಳು. ಗಿಡ್ಡ ನಳಿಗೆ, ಪಿಸ್ತೂಲಿಗೆ ಹಾಕುವ ಕಾಡತೂಸು. ಟ್ರಿಗರಿನ ಸುತ್ತಲಿನ ಹಿಡಿಯನ್ನು, ಅಂದರೆ ಲಿವರನ್ನು, ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ಗುಂಡು ಸಿದ್ಧ, ಎಡಗೈಯಾದರೇನು, ಬಲಗೈಯಾದರೇನು. ರೋಗಿಗಳನ್ನು ಎತ್ತಿ ಎತ್ತಿ ನೊಂದ ನನ್ನ ಭುಜಕ್ಕೆ ಅದರ ಒದೆತ ಏನೂ ಅನ್ನಿಸಲಿಲ್ಲ. ಬಹಳ ದೂರಕ್ಕೆ ಹೊಡೆಯಲಾಗದು, ನಿಜ. ಆದರೆ ನಮ್ಮ ಹಳ್ಳದ ಪೊದೆಗಳಲ್ಲಿ ಮೇಕೆ ಕಣ್ಣಿಗೆ ಬೀಳುವುದೇ ಹತ್ತಿರದಲ್ಲಿ. ನನಗೆ ಬೇಕಾದದ್ದು ಇದೇ ಎಂದು ಅವತ್ತೇ ತೀರ್ಮಾನಿಸಿದೆ.

ಆದ್ದರಿಂದ ಅಂಗಡಿಗೆ ಹೋದಾಗ ನನಗೆ ಯಾವ ಗೊಂದಲವೂ ಇರಲಿಲ್ಲ.

"ಹೆಂಡತಿಗೋ?" ಎಂದು ಅಂಗಡಿಯವನು ನನ್ನ ತಲೆಯ ಮೇಲಿಂದ ಗಂಡನನ್ನು ಕೇಳಿದ.

"ನನಗೆ. ಲಿವರ್ ಕಾರ್ಬೈನ್ ಬೇಕು, ತ್ರೀ ಫಿಫ್ಟಿ ಸೆವೆನ್ ಕಾಡತೂಸಿನದು," ಎಂದೆ.

ಅವನು ಗಂಡನಿಗೇ ಉತ್ತರ ಕೊಟ್ಟ. "ಅದು ಸಿನಿಮಾದ ಕೌಬಾಯ್‌ಗಳಿಗೆ, ಮೇಟ್. ಮೇಕೆಗೆ ಇದು ನೋಡಿ." ಉದ್ದ ನಳಿಗೆಯ ರೈಫಲ್ ಒಂದನ್ನು ಇಳಿಸಿ, ಗಂಡನ ಭುಜಕ್ಕೆ ಒತ್ತಿಸಿ, ತೋಳಿಗೆ ಸರಿಹೋಗುತ್ತದೆಯೇ ಎಂದು ಬಗ್ಗಿ ನೋಡಿದ. ಪಟಾಕಿಗೂ ಕಿವಿ ಮುಚ್ಚುವ ನನ್ನ ಗಂಡ ಗಂಭೀರವಾಗಿ ತಲೆಯಾಡಿಸಿದರು.

"ನಾನು ಎಡಚಿ. ಆ ಬೋಲ್ಟ್ ನನಗಾಗದು," ಎಂದೆ ದನಿ ಏರಿಸಿ.

"ಕೆಲವು ದಿನ ಬಲಗೈಯಲ್ಲಿ ಅಭ್ಯಾಸ ಮಾಡಿಸಿ, ರೂಢಿಯಾಗುತ್ತೆ." ಇದೂ ಗಂಡನಿಗೆ! ಮಾಡಿಸಿ ಅಂತೆ. ನಾನೇನು ಸರ್ಕಸ್ಸಿನ ಕುದುರೆಯೇ? ಬಲಗೈಯಲ್ಲಿ ಬರೆ ಎಂದು ಶಾಲೆಯಲ್ಲಿ ಗೆಣ್ಣಿನ ಮೇಲೆ ಪೆಟ್ಟು ತಿಂದವಳು ನಾನು. ಸಮುದ್ರ ದಾಟಿ ಬಂದರೂ ಅದೇ ಉಪದೇಶ.

ಲೈಸೆನ್ಸ್ ಕಾರ್ಡನ್ನು ಅವನ ಮುಂದಿಟ್ಟು, "ಈ ಫೋಟೊ ಯಾರದು?" ಎಂದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನನ್ನ ಗಂಡನ ಕಡೆ ತಿರುಗಿ ಮುಗುಳ್ನಕ್ಕ. ಕಾರ್ಡ್ ಎತ್ತಿಕೊಂಡು ಹೊರಗೆ ಬಂದೆ.

ಕಾರಿನಲ್ಲಿ ಗಂಡನಿಗೆ ಕೇಳಿದೆ: "ನಿಮಗ ಬೋಲ್ಟ್ ಯಾವುದು, ಲಿವರ್ ಯಾವುದು ಗೊತ್ತದ ಏನ್ರಿ?"

"ಇಲ್ಲ."

"ಮತ್ತ ತಲಿ ಯಾಕ ಆಡಿಸಿದ್ರಿ?"

"ಅಂವಾ ನನ್ನ ಕೂಡ ಮಾತಾಡ್ಲಿಕತ್ತಿದ್ದ. ಸುಮ್ನ ನಿಂತ್ರ ಛಂದ ಕಾಣೂದಿಲ್ಲ ಅಂತ…"

"ನನ್ನ ಮಾತು ಕೇಳವಲ್ಲ ಅಂವಾ. ಅದು ಛಂದ ಕಂಡ್ತು ನಿಮಗ?"

ಅಂಗಡಿಯವನ ಮೇಲಿನ ಸಿಟ್ಟು ಸಂಜೆಗೆ ಇಳಿಯಿತು. ಗಂಡನ ಮೇಲಿನದು ಇಳಿಯಲು ವಾರ ಹಿಡಿಯಿತು. ಅವನಾದರೂ ನನ್ನನ್ನು ಅರಿಯದವನು.

ಮುಂದಿನ ಸಲ ಬೇರೆ ಊರಿನ ಅಂಗಡಿಗೆ ನಾನೊಬ್ಬಳೇ ಹೋದೆ. ಅಲ್ಲಿಯ ಮುದುಕ, "ಏನು ಹೊಡೆಯುತ್ತೀರಿ? ಎಷ್ಟು ದೂರದಿಂದ? ಯಾವ ಕೈ?" ಎಂದು ನನ್ನನ್ನೇ ಕೇಳಿದ. ಮೂರು ಕಾರ್ಬೈನ್‌ಗಳನ್ನು ಸಾಲಾಗಿಟ್ಟ. ಒಂದು ಫಾರ್ಟಿ ಫೋರ್ ಕಾಡತೂಸಿನದು, ಒದೆತ ಭಾರಿ; ಭುಜ ಒಲ್ಲೆ ಎಂದಿತು. ಇನ್ನೊಂದಕ್ಕೆ ನಳಿಗೆ ಉದ್ದ, ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಗಿಡ್ಡ, ತ್ರೀ ಫಿಫ್ಟಿ ಸೆವೆನ್. ಕಡಿಮೆ ಶಕ್ತಿಯ ತರ್ಟಿ ಎಯ್ಟ್ ಕಾಡತೂಸೂ ಅದರಲ್ಲಿ ನಡೆಯುತ್ತದೆ, ಅಭ್ಯಾಸಕ್ಕೆ ಒಳ್ಳೆಯದು ಎಂದ. ಖಾಲಿ ಇದೆಯೆಂದು ತೆರೆದು ತೋರಿಸಿ ಕೈಗೆ ಕೊಟ್ಟ. ಎಡ ಭುಜಕ್ಕಿಟ್ಟು ಹಿಡಿಯನ್ನು ಕೆಳಗೆ ತಳ್ಳಿ ಎಳೆದೆ. ನುಣ್ಣಗೆ ಓಡಾಡಿತು. "ಇದೇ," ಎಂದೆ.

ಹೊರಗೆ ಬಂದಾಗ ಆ ಮುದುಕನ ಬಗ್ಗೆ ಎಷ್ಟೊಂದು ಕೃತಜ್ಞತೆ ಉಕ್ಕಿತೆಂದರೆ, ಅದಕ್ಕೂ ಸಿಟ್ಟು ಬಂತು. ಅವನು ಮಾಡಿದ್ದೇನು? ಗಿರಾಕಿಯನ್ನು ಗಿರಾಕಿಯ ಹಾಗೆ ಮಾತಾಡಿಸಿದ, ಅಷ್ಟೇ.

ಮೇಕೆಗಳ ಕಾಟ ಈಗ ಕಡಿಮೆಯಾಗಿದೆ. ಮೊದಲನೆಯದನ್ನು ಹೊಡೆದ ದಿನ ನೆರೆಯವಳು ಪಕ್ಕದಲ್ಲಿದ್ದಳು, ಚರ್ಮ ಸುಲಿಯುವುದನ್ನು ಅವಳೇ ಕಲಿಸಿದಳು. ಆ ಮಾಂಸದ ಊಟಕ್ಕೆ ಕನ್ನಡದ ಸ್ನೇಹಿತರನ್ನು ಕರೆದೆವು. ಒಬ್ಬ ಅಂಕಲ್ ಎಲುಬು ಚೀಪುತ್ತಾ ನನ್ನ ಗಂಡನಿಗೆ, "ಒಳ್ಳೆ ಬೇಟೆಗಾರ ಆಗ್ಬಿಟ್ರಲ್ಲಾ! ಯಾವ ಗನ್ ತಗೊಂಡ್ರಿ?" ಎಂದರು.

ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ. ಗಂಡ ಒಮ್ಮೆ ನನ್ನ ಮುಖ ನೋಡಿ, "ನಂದಲ್ರಿ, ಆಕೀದು. ನನಗ ಅದರಾಗಿಂದು ಏನೂ ತಿಳಿಯೂದಿಲ್ಲ. ಆಕಿನ್ನ ಕೇಳ್ರಿ," ಎಂದರು.

ಅಂಕಲ್ ನಕ್ಕರು. "ಅಲ್ಲಾ, ನೀವು ಹೇಗೆ ಬಿಟ್ರಿ?"

"ಅವರು ಬಿಡೋದೇನದ, ಅಂಕಲ್?" ಎಂದೆ. "ಲೈಸೆನ್ಸ್ ನಂದು, ಬಂದೂಕು ನಂದು, ನೀವು ತಿನ್ನೂ ಮ್ಯಾಕೀನೂ ನಾನಽ ಹೊಡದಿದ್ದು. ಕೇಳೂದಿದ್ರ ನನ್ನ ಕೇಳ್ರಿ."

ಬಂದೂಕಿನ ಬಗ್ಗೆ ನನ್ನನ್ನು ಏನೂ ಕೇಳದೆ ಅಂಕಲ್ ಇನ್ನೊಂದು ಎಲುಬು ಎತ್ತಿಕೊಂಡರು.