ಹಿಂದೆ ಬಂದ ಮೂರನೆಯವಳು

ಆ ಸಿನೆಮಾದಲ್ಲಿ ಇರುವುದು ಇಬ್ಬರೇ ಹೆಂಗಸರು, ಇಬ್ಬರೂ ದರೋಡೆಕೋರರು. ಕೌಬಾಯ್ ಕಥೆಗಳನ್ನು ಗೇಲಿ ಮಾಡಲು ಯುರೋಪಿನವರು ಯಾರೋ ತೆಗೆದದ್ದಂತೆ. ಕತಾರಿನ ದೋಹಾ ಅಲ್ ಜದೀದಾದ ನಮ್ಮ ಕೋಣೆಯಲ್ಲಿ ಮುಂಚೆ ಇದ್ದವರು ಟಿವಿಗೆ ಸಿಕ್ಕಿಸಿ ಮರೆತುಹೋದ ಪೆನ್‌ಡ್ರೈವ್‌ನಲ್ಲಿ ಅದೊಂದೇ ಇತ್ತು. ಮಾತು ಯಾವ ಭಾಷೆಯೋ ತಿಳಿಯಲಿಲ್ಲ. ಕೆಳಗೆ ಓಡುವ ಅಕ್ಷರ ಅರಬಿ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ನನಗೆ ಕನ್ನಡದ ಅಕ್ಷರವೇ ನಿಧಾನ. ಅದಕ್ಕೆ ನಾನೂ ತಂಗಿಯೂ ಸದ್ದು ಪೂರ್ತಿ ತೆಗೆದು ನಾವೇ ಮಾತು ಕೊಡಲು ಶುರುಮಾಡಿದೆವು. ಉದ್ದದವಳಿಗೆ ನಾನು, ಗಿಡ್ಡಿಗೆ ತಂಗಿ.

ಶುಕ್ರವಾರ ಊಟ ಮುಗಿಸಿ, ಬಿಸಿಲಿಗೆ ಪರದೆ ಎಳೆದು ಕೂರುತ್ತಿದ್ದೆವು. ಬ್ಯಾಂಕಿನಲ್ಲಿ ಗಿಡ್ಡಿ ಬಂದೂಕು ಎತ್ತಿದ ಕೂಡಲೇ ತಂಗಿ, “ಯಲ್ಲಾ, ಚಿನ್ನ ತೆಗಿ. ಚಿಲ್ಲರೆ ಮಾಫಿ, ಚಿಲ್ಲರೆ ಬೇಡ” ಎನ್ನುವಳು. ನಮಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಉಳಿದ ದಿನ ಇಬ್ಬರೂ ಒಂದೇ ಅಂಗಡಿಯಲ್ಲಿ, ಇಲ್ಲಿಯ ಹೆಂಗಸರು ಮೈತುಂಬ ತೊಡುವ ಅಬಾಯಾಗಳಿಗೆ ಮಣಿ ಕೂರಿಸುತ್ತಿದ್ದೆವು. ಕಪ್ಪು ಬಟ್ಟೆ, ಕಪ್ಪು ನೂಲು, ಕಪ್ಪು ಮಣಿ.

ಒಂದು ಶುಕ್ರವಾರ ಅವರಿಬ್ಬರೂ ಮರಳಿನಲ್ಲಿ ಕುದುರೆ ಓಡಿಸುವ ಜಾಗ ಬಂದಾಗ ತಂಗಿ ಗಿಡ್ಡಿಯ ದನಿಯಲ್ಲಿ, “ಅಕ್ಕ, ಹಿಂದೆ ನೋಡು. ಇನ್ನೊಬ್ಬಳು ಬರ್ತಾ ಇದ್ದಾಳೆ. ಕಪ್ಪು ಬಟ್ಟೆಯವಳು” ಎಂದಳು.

“ಬರಲಿ ಮಾರಾಯ್ತಿ. ಪಾಲು ಕೊಡುವುದಿಲ್ಲ ಅಂತ ಹೇಳು” ಎಂದೆ.

ಮುಂದಿನ ವಾರ ಅದೇ ಜಾಗದಲ್ಲಿ, ಅವಳು ಎಡಗಡೆಯಿಂದ ಹತ್ತಿರ ಬಂದಿದ್ದಾಳೆ ಎಂದಳು. ಅದರ ಮುಂದಿನ ವಾರ ಅವಳ ಸೆರಗು ಕುದುರೆಗೆ ತಾಗುತ್ತಿದೆ ಎಂದಳು. ಈ ಸಲ ಅದು ಗಿಡ್ಡಿಯ ದನಿಯಾಗಿರಲಿಲ್ಲ. ಪರದೆಯ ಮೇಲೆ ಎರಡು ಕುದುರೆ, ಮರಳು, ಅಷ್ಟೇ. ನಾನು ಟಿವಿ ಆರಿಸಿದೆ. ತಂಗಿ ಆರಿದ ಟಿವಿಯನ್ನೇ ನೋಡುತ್ತಾ, “ಹೋಗಲಿಲ್ಲ” ಎಂದಳು.

ಮರುದಿನ ಅಂಗಡಿಗೆ ನಡೆಯುವಾಗ ಖಾಲಿ ಫುಟ್‌ಪಾತಿನಲ್ಲಿ ತಂಗಿ ಬಲಕ್ಕೆ ಸರಿದು ಯಾರಿಗೋ ದಾರಿ ಬಿಟ್ಟಳು. ಮನಸ್ಸಿನಲ್ಲೇ ಊರಿನ ದೈವಕ್ಕೆ ಹರಕೆ ಹೇಳಿಕೊಂಡೆ.

ಆ ವಾರವೇ ಅವಳು ಮುಗಿಸಿದ ಅಬಾಯಾದ ತೋಳೊಂದನ್ನು ಕೈಗೆತ್ತಿಕೊಂಡೆ. ಮಣಿಗಳು ಗೆರೆ ಬಿಟ್ಟು ಎಲ್ಲೆಲ್ಲೋ ಕೂತಿದ್ದವು. ಇದು ಹೊರಗಿನ ಕಾಟವಲ್ಲ, ಕಣ್ಣಿನದು ಎಂದು ನನಗೆ ಆಗಲೇ ಗೊತ್ತಾಯಿತು. ಕಾಟವಾಗಿದ್ದರೆ ಹರಕೆ ಸಾಕಿತ್ತು. ಕಣ್ಣಾದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ಮಾಲೀಕರಿಗೆ ಸುದ್ದಿ. ಕಪ್ಪಿನ ಮೇಲೆ ಕಪ್ಪು ಕಾಣದವಳ ವೀಸಾವನ್ನು ಯಾರು ಮುಂದುವರಿಸುತ್ತಾರೆ? ಅವಳು ಊರಿಗೆ ಹೋದರೆ ಈ ಕೋಣೆಯಲ್ಲಿ ನಾನೊಬ್ಬಳೇ. ಅವಳು ಚಾ ಕುಡಿಯಲು ಎದ್ದಾಗ ಮಣಿ ಬಿಚ್ಚಿ ಮತ್ತೆ ಹೊಲಿದಿಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು.

ಒಂದು ದಿನ ಅವಳು ನಾನು ಸರಿಮಾಡಿದ ತೋಳನ್ನು ಕಣ್ಣಿನ ಹತ್ತಿರ ಹಿಡಿದು, “ನೋಡು, ಕೆಲಸ ಎಲ್ಲ ಸರಿಯೇ ಉಂಟು. ನಾನು ಸುಮ್ಮನೆ ಹೆದರಿದೆ” ಎಂದಳು. ನಾನು ಹೌದೆಂದೆ.

ಒಂದು ಬೆಳಿಗ್ಗೆ ಎದ್ದಾಗ ಅವಳ ಎಡಗಣ್ಣಿನಲ್ಲಿ ದೃಷ್ಟಿ ಏನೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಮಲಯಾಳಿ ನರ್ಸ್, ಯಾವಾಗಿನಿಂದ ಹೀಗೆ ಎಂದು ಹಿಂದಿಯಲ್ಲಿ ಕೇಳಿದಳು. ತಂಗಿ ನನ್ನ ಕಡೆ ಮುಖ ತಿರುಗಿಸಿದಳು. “ನಿನ್ನೆಯಿಂದ” ಎಂದೆ. ತಂಗಿ ತಿದ್ದಲಿಲ್ಲ.

ಕಣ್ಣಿನ ಒಳಗಿನ ಪರದೆ, ರೆಟಿನಾ ಅಂತೆ, ಬಿಟ್ಟುಹೋಗಿ ಬಹಳ ದಿನವಾಗಿದೆ, ನೆರಳು ಕಂಡ ಕೂಡಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಆ ಕಣ್ಣಿಗೆ ಬೆಳಕು, ಕತ್ತಲೆ ಎರಡೇ ತಿಳಿಯುತ್ತವೆ. ಬಲಗಣ್ಣಿನ ಪರದೆಯೂ ತೆಳುವಾಗಿದೆಯಂತೆ. ನೆರಳು ಕಂಡರೆ ಅದೇ ದಿನ ಬರಬೇಕು ಎಂದು ನನಗೇ ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ, ನಿನ್ನೆ ಎಂದದ್ದು ಯಾಕೆ ಎಂದು ತಂಗಿ ಕೇಳಿದಳು. ತೋಳು ಬಿಚ್ಚಿದ್ದರಿಂದ ಹಿಡಿದು ಎಲ್ಲ ಹೇಳಿದೆ.

“ನನ್ನ ಹೊಲಿಗೆ ನೋಡಿ ನಾನು ಧೈರ್ಯ ತಗೊಂಡೆ ಅಕ್ಕ. ಅದು ನಿನ್ನ ಹೊಲಿಗೆ” ಎಂದಳು.

ನಾನು ಹೆದರಿದ್ದು ಆಗಲಿಲ್ಲ. ಮಾಲೀಕರು ಅವಳನ್ನು ಇಸ್ತ್ರಿ ಮಾಡಿ ಕವರಿಗೆ ತುಂಬುವ ಕೆಲಸಕ್ಕೆ ಹಾಕಿಕೊಂಡರು. ಅವಳು ಇದೇ ಕೋಣೆಯಲ್ಲಿ ಇದ್ದಾಳೆ. ತಪಾಸಣೆಗೆ ಮಾತ್ರ ಪಕ್ಕದ ಮನೆಯ ಹೆಂಗಸಿನ ಜೊತೆ ಹೋಗುತ್ತಾಳೆ. ಡಾಕ್ಟರು ಏನೆಂದರು ಎಂಬುದು ಆ ಹೆಂಗಸು ಹೇಳಿದರೆ ನನಗೆ ಗೊತ್ತು.

ನೆರಳು ಉಂಟಾ ಎಂದು ನಾನು ದಿನವೂ ಕೇಳುತ್ತೇನೆ. ಇಲ್ಲ ಎನ್ನುತ್ತಾಳೆ. ಮೊನ್ನೆ ಒಗೆದ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಗೋಡೆಯ ಮೂಲೆಯನ್ನು ತುಂಬ ಹೊತ್ತು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಎಂತ ಎಂದು ಕೇಳಿದೆ.

“ಎಂತದೂ ಇಲ್ಲ ಅಕ್ಕ” ಎಂದು ಎದ್ದು, ಗೋಡೆ ಸವರಿಕೊಂಡು ಹೊರಗೆ ಹೋದಳು. ಪಕ್ಕದ ಮನೆಯ ಬಾಗಿಲು ತಟ್ಟುವ ಸದ್ದು ಕೇಳಿಸಿತು.