ಗುರುವಾರದ ಕಾದಂಬರಿ

ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ನನ್ನ ಗಂಡ ಕಮಠಾಣದ ಮನೆ ಪ್ರಾರ್ಥನೆಗೆಂದು ಬೀದರಿನ ನಮ್ಮ ಮನೆಯಿಂದ ಹೊರಡುತ್ತಿದ್ದರು. ಅಂಗಿಗೆ ನಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದೆ.

ಮನೆ ಪ್ರಾರ್ಥನೆಗೆ ತಪ್ಪಿದವರನ್ನು ಭಾನುವಾರ ಚರ್ಚಿನ ಬಾಗಿಲಲ್ಲೇ ವಿಚಾರಿಸುವುದು ನಮ್ಮವರ ರೂಢಿ. ಒಂದು ಭಾನುವಾರ, ನಮ್ಮ ಚರ್ಚಿಗೆ ಅಪರೂಪಕ್ಕೆ ಬಂದಿದ್ದ ಕಮಠಾಣದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು.

“ಸಿಸ್ಟರ್, ಸರ್‌ಗೆ ಆರಾಮಿಲ್ಲೇನ್ರಿ? ಎರಡು ತಿಂಗಳಾತು, ಪ್ರಾರ್ಥನಿಗಿ ಬಂದೇ ಇಲ್ಲಲ್ರಿ.”

“ಮೊಣಕಾಲು ನೋವರಿ,” ಎಂದೆ. ನರ್ಸ್ ಆಗಿದ್ದಷ್ಟು ವರ್ಷ ಯಾರ ಜ್ವರವನ್ನೂ ಸುಳ್ಳು ಬರೆದವಳಲ್ಲ. ಅಂದು ಗಂಡನಿಗೆ ಇಲ್ಲದ ನೋವನ್ನು ಹುಟ್ಟಿಸಿದೆ.

ಮನೆಗೆ ಬಂದು ಗಂಡನ ಕೈಚೀಲ ನೋಡಿದೆ. ಬೈಬಲ್ಲಿನ ಕೆಳಗೆ, ಅವರು ಭಾಲ್ಕಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹಳೆಯ ಅಮೆರಿಕನ್ ಕಾದಂಬರಿ. ಅಂಚಿನಲ್ಲಿ ಪೆನ್ಸಿಲಿನ ತಾರೀಖುಗಳು, ಎಲ್ಲವೂ ಈಚಿನ ಗುರುವಾರಗಳವು. ಆ ದುಂಡು ಅಕ್ಷರ ಪ್ರತಿ ಕ್ರಿಸ್‌ಮಸ್ಸಿಗೆ ನಮಗೆ ಕಾರ್ಡು ಕಳಿಸುವ, ಅವರ ಜೊತೆ ಇಂಗ್ಲಿಷ್ ಕಲಿಸಿದ ಮೇಡಂ, ಭಾಲ್ಕಿಯಲ್ಲಿ ಎಲ್ಲರೂ ಬಾಯಿ ಎಂದು ಕರೆಯುವವರದು. ನನಗೆ ಔರಾದಿನ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದಾಗ ಗಂಡ ವಾರವಿಡೀ ಭಾಲ್ಕಿಯಲ್ಲಿರುತ್ತಿದ್ದರು. ಆ ದಿನಗಳು ಆಕೆಗೆ ಗೊತ್ತು, ನನಗೆ ಗೊತ್ತಿಲ್ಲ.

ಮೂರು ದಿನ ಬೆಳಿಗ್ಗೆ ಐದರಿಂದ ಏಳರವರೆಗೆ ನಿಘಂಟು ಹಿಡಿದು ಕಾದಂಬರಿ ಓದಿದೆ. ಅದರಲ್ಲಿ ಗಂಡನಿಗೆ ಇನ್ನೊಬ್ಬಳು, ಹೆಂಡತಿಗೆ ಇನ್ನೊಬ್ಬ. ಆ ವ್ಯಭಿಚಾರಕ್ಕೆ ನಾನು ಬೆಚ್ಚಲಿಲ್ಲ. ಆ ಗಂಡಹೆಂಡತಿ ಊಟದ ಮೇಜಿನ ಮುಂದೆ ಕೂತು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರಲ್ಲ, ಅದು ಚುಚ್ಚಿತು. ನಮ್ಮ ಮೇಜಿನ ಆಚೆ ಬದಿಗೆ ಕೂತ ನನ್ನ ಗಂಡನೂ ಪ್ರಾರ್ಥನೆ ಚೆನ್ನಾಗಿತ್ತು ಎನ್ನುತ್ತಿದ್ದರು.

ಗುರುವಾರ ಅವರು ಹೊರಟ ಮೇಲೆ, ಕ್ರಿಸ್‌ಮಸ್ ಕಾರ್ಡಿನ ವಿಳಾಸ ಹಿಡಿದು ಮುಂದಿನ ಬಸ್ಸಿಗೇ ಭಾಲ್ಕಿಗೆ ಹೋದೆ. ಬಾಯಿಯವರ ಮನೆ ಬಾಗಿಲು ತೆರೆದೇ ಇತ್ತು. ಆಕೆ ಗಟ್ಟಿಯಾಗಿ ಓದುತ್ತಿದ್ದರು. ನನ್ನ ಗಂಡ ಕಣ್ಣು ಮುಚ್ಚಿ ನಗುತ್ತಿದ್ದರು. ಆ ನಗು ನಮ್ಮ ಮನೆಯಲ್ಲಿ ನಾನು ಕೇಳಿದ್ದಲ್ಲ.

“ಬರ್ರಿ ಸಿಸ್ಟರ್. ಸರ್‌ಗೆ ಅಕ್ಷರ ಕಾಣವಲ್ದಂತ ನಾನೇ ಓದ್ತೇನಿ. ನಿಮಗ ಗೊತ್ತದಲ್ರಿ?”

ಗೊತ್ತಿರಲಿಲ್ಲ. ದಿನಾ ಪೇಪರ್ ಹಿಡಿದು ಹಾಳೆ ತಿರುವುತ್ತಿದ್ದವರನ್ನು ನಾನು ನಂಬಿದ್ದೆ. ನರ್ಸ್ ಆಗಿಯೂ ಅವರ ಪುಸ್ತಕ ಪರೀಕ್ಷಿಸಿದೆ, ಕಣ್ಣು ನೋಡಲಿಲ್ಲ.

“ನನಗ ಯಾಕ ಹೇಳಲಿಲ್ರಿ?”

“ಹೇಳಿದ್ರ ಮರುದಿನಾನೇ ಆಪರೇಷನ್ ಮಾಡಸ್ತಿದ್ದಿ. ಗಂಟೆಗೊಮ್ಮೆ ಔಷಧ, ಮಲ್ಕೋ, ಏಳು. ನಾ ನಿನ್ನ ಗಂಡನೋ, ನಿನ್ನ ವಾರ್ಡಿನ ಪೇಶಂಟೋ?”

ಬಾಯಿ ನಕ್ಕುಬಿಟ್ಟರು. ಬೇರೆ ಏನಿದ್ದರೂ ಸಹಿಸುತ್ತಿದ್ದೆನೇನೋ. ಗಂಡ ತಮ್ಮ ಭಯವನ್ನು ಮೊದಲು ಆಕೆಗೆ ಹೇಳಿದರಲ್ಲ, ಅದು ಇಂದಿಗೂ ಉರಿಯುತ್ತದೆ.

ಎರಡೇ ವಾರದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆ. ತಡಮಾಡಿದರೆ ಕಣ್ಣು ಕೆಡುತ್ತದೆ ಎಂದು ಅವರಿಗೆ ಹೇಳಿದೆ. ಅಷ್ಟು ಅವಸರವೇನೂ ಇರಲಿಲ್ಲ. ಅಕ್ಷರ ಕಂಡರೆ ಭಾಲ್ಕಿ ನಿಲ್ಲುತ್ತದೆ, ನನಗೆ ಬೇಕಾಗಿದ್ದು ಅದು.

ಕಣ್ಣು ಚೆನ್ನಾಗಿ ಕಾಣತೊಡಗಿತು. ಡಾಕ್ಟರು ಓಡಾಡಬಹುದು ಎಂದ ವಾರವೇ, ಗುರುವಾರ, ಗಂಡ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡರು.

“ಈಗ ಅಕ್ಷರ ಕಾಣ್ತಾವಲ್ರಿ, ಮತ್ತ ಎಲ್ಲಿಗಿ?”

“ಭಾಲ್ಕಿಗಿ. ಇನ್ನ ಎರಡು ಅಧ್ಯಾಯ ಉಳದಾವ. ಈಗ ನಾ ಓದ್ತೇನಿ, ಆಕಿ ಕೇಳ್ತಾಳ.”

ಈ ಸಲ ಸುಳ್ಳಿರಲಿಲ್ಲ.

“ನಾನೂ ಬರ್ತೇನಿ.”

“ನಿನಗ ಆ ಕಾದಂಬರಿ ಸೇರಂಗಿಲ್ಲ.”

“ಸೇರಂಗಿಲ್ರಿ. ಬರ್ತೇನಿ,” ಎಂದು ಚಪ್ಪಲಿ ಮೆಟ್ಟಿದೆ.