ಜೈತುನಬಿ ಮೌಶಿಯ ಲ್ಯಾಟಿನ್

ಹುಕ್ಕೇರಿ ಸಂತೆಯಲ್ಲಿ ಮೆಂತ್ಯದ ಸೊಪ್ಪಿಗೆ ಲ್ಯಾಟಿನ್ನಿನಲ್ಲಿ ಚೌಕಾಸಿ ಮಾಡುವವರನ್ನು ನಾನು ಕಂಡದ್ದು ಒಬ್ಬರನ್ನೇ. ಜೈತುನಬಿ ಮೌಶಿ ಒಂದು ಸೂಡು ಎತ್ತಿ, ಬೇರಿನ ಮಣ್ಣು ಕೊಡವಿ, "ಟ್ರೈಗೊನೆಲ್ಲಾ ಫೀನಮ್ ಗ್ರೀಕಮ್" ಎನ್ನುತ್ತಿದ್ದರು. ಮಾರುವಾಕೆ ಕಣ್ಣುಕಣ್ಣು ಬಿಡುತ್ತಿದ್ದಳು.

"ಹಂಗಂದ್ರ ಗ್ರೀಕ್ ದೇಶದ ಒಣಹುಲ್ಲು ಅಂತ ಅರ್ಥ ಐತವಾ. ದನಾ ತಿನ್ನೂ ಹುಲ್ಲಿಗೆ ಇಷ್ಟ ರೇಟ್ ಹೇಳಿದ್ರ ಹೆಂಗ?"

ಆಕೆ ನಕ್ಕು ಇನ್ನೊಂದು ಸೂಡು ಚೀಲಕ್ಕೆ ಹಾಕುತ್ತಿದ್ದಳು.

ಮೌಶಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನ ಅಟೆಂಡರ್. ಗಂಡ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಬಂದವರು. ಓದಿದ್ದು ಕನ್ನಡ ಸಾಲಿಯ ಏಳನೇ ಇಯತ್ತೆ. ಸೀಸೆ ತೊಳೆಯುತ್ತ ಚೀಟಿಯ ಹೆಸರುಗಳನ್ನು ಗುನುಗುವ ಈ ಹೆಂಗಸನ್ನು ಗಮನಿಸಿದ ಹಳೆಯ ಪ್ರಾಧ್ಯಾಪಕರೊಬ್ಬರು, ದಿನಕ್ಕೊಂದು ಹೆಸರನ್ನೂ ಅದರ ಅರ್ಥವನ್ನೂ ಹೇಳಿಕೊಟ್ಟಿದ್ದರಂತೆ. ನಾನು ಸೇರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಹೆಸರುಗಳು ಮೌಶಿಯ ಬಾಯಲ್ಲಿ ಉಳಿದಿದ್ದವು. ಮೌಶಿಯದು ಸಣ್ಣ ಮೈಕಟ್ಟು. ಕಾಂಡದ ತೆಳು ಚೂರುಗಳಿಗೆ ಹಾಕುವ ಕೆಂಪು ಬಣ್ಣ ಬಲಗೈ ಬೆರಳಿಗೆ ಸದಾ ಅಂಟಿರುತ್ತಿತ್ತು. "ನಮ್ಮ ಲ್ಯಾಬಿನ ಮೆಹಂದಿರಿ ಇದು" ಎನ್ನುವರು. ಮುಟ್ಟಿದರೆ ಮುನಿಯ ಗಿಡ ತಂದ ದಿನ ಹುಡುಗಿಯರಿಗೆ ಹೇಳುವರು: "ಮಿಮೋಸಾ ಪುಡಿಕಾ. ಪುಡಿಕಾ ಅಂದ್ರ ನಾಚಿಕಿ ಇದ್ದಾಕಿ. ನಿಮ್ಮಂಥಾಕಿ ಅಲ್ಲ."

ನಾನು ಮೇಲವಂಕಿಯಿಂದ ಬಂದವಳು, ಎಂಎಸ್‌ಸಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ವಯಸ್ಸು ಚಿಕ್ಕದು, ಬಿಗುಮಾನ ದೊಡ್ಡದು. ಮೊದಲ ತಿಂಗಳಲ್ಲೇ ಒಂದು ದಿನ ಮೌಶಿ ಭತ್ತದ ತೆನೆ ತಂದಿಟ್ಟು, "ಒರೈಝಾ ಸತೀವಾ. ಸತೀವಾ ಅಂದ್ರ ಬಿತ್ತಿ ಬೆಳದದ್ದು" ಎಂದರು.

"ಸತೀವಾ ಅಲ್ಲ, ಸಟೈವಾ," ಎಂದೆ ನಾನು, ಇಡೀ ಕ್ಲಾಸಿನ ಎದುರು. "ಗೊತ್ತಿಲ್ಲದ್ದು ಹೇಳಬ್ಯಾಡ್ರಿ. ಹುಡುಗರು ತಪ್ಪು ಕಲೀತಾರ."

ಹಿಂದಿನ ಬೆಂಚಿನಿಂದ ನಗು ಎದ್ದಿತು. ಮೌಶಿ ತೆನೆಯನ್ನು ಟ್ರೇಯಲ್ಲಿ ಸರಿಯಾಗಿ ಇಟ್ಟು ಹೊರಗೆ ಹೋದರು.

ಅಂದಿನಿಂದ ಅವರು ಗಿಡಗಳ ಹೆಸರೆತ್ತಲಿಲ್ಲ. "ಹದಿನಾಲ್ಕನೇ ಸೀಸೆ ತಂದೇನ್ರಿ", "ಮೂರನೇ ಕಪಾಟಿಂದು ಬೇಕೇನ್ರಿ", ಇಷ್ಟೇ. ಕೆಲಸದಲ್ಲಿ ಕೊರತೆಯಿರಲಿಲ್ಲ. ಆದರೂ ಲ್ಯಾಬು ಒಣಗಿದಂತಾಗಿತ್ತು. ಕಾರಣ ನನಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದೆ.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದಿದ್ದರು. ಮಮದಾಪುರದ ಹುಡುಗಿಯೊಬ್ಬಳು ಭತ್ತ ತೋರಿಸಿ "ಸತೀವಾ" ಎಂದಳು. ಪರೀಕ್ಷಕರು ತಲೆದೂಗಿ ಮುಂದಕ್ಕೆ ಹೋದರು. ಚಹಾದ ಹೊತ್ತಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಸರ್, ಅದು ಸಟೈವಾ ಅಲ್ಲೇನ್ರಿ?"

"ಇಂಗ್ಲಿಷರು ಸಟೈವಾ ಅಂದ್ರು. ರೋಮಿನವರು ಸತೀವಾ ಅಂತಿದ್ದಿರಬೇಕು. ಈಗ ಆ ಭಾಷಾ ಯಾರ ಮನ್ಯಾಗೂ ಮಾತಾಡೂದಿಲ್ಲ ತಂಗಿ. ಕೇಳಿದಾಂವಗ ಯಾವ ಗಿಡ ಅಂತ ತಿಳಿದ್ರ ಸಾಕು."

ಎಲ್ಲರೂ ಹೋದ ಮೇಲೆ ಒಳಕೋಣೆಗೆ ಹೋದೆ. ಮೌಶಿ ಗಾಜಿನ ತಟ್ಟೆ ತೊಳೆಯುತ್ತಿದ್ದರು. "ಮೌಶಿ, ನೀವು ಹೇಳಿದ್ದ ಖರೆ ಇತ್ತು. ನಂದ ತಪ್ಪಾತು" ಎಂದೆ.

ಅವರು ನಲ್ಲಿ ನಿಲ್ಲಿಸಿದರು. "ನೀವು ತಪ್ಪು ಅಂದದ್ದಕ್ಕ ನನಗ ಬ್ಯಾಸರಿಲ್ಲರಿ ಮ್ಯಾಡಮ್ಮಾರ. ನಾ ಕಲತಾಕಿ ಅಲ್ಲ, ತಪ್ಪು ಇರಬಹುದು. ಹುಡುಗ್ರು ನಕ್ರಲ್ರಿ, ಅವರಿಗೆ ಸುಮ್ನಿರ್ರಿ ಅಂತ ನೀವು ಅನ್ನಲಿಲ್ಲ."

ನಾನು ಒಣ ಬಟ್ಟೆಯೊಂದನ್ನು ತೆಗೆದುಕೊಂಡು ತಟ್ಟೆ ಒರೆಸಲು ನಿಂತೆ. ಅವರು ಬೇಡವೆನ್ನಲಿಲ್ಲ.

ಮುಂದಿನ ವರ್ಷದ ಮೊದಲ ಲ್ಯಾಬಿಗೆ ಹುಣಸೆಯ ಟೊಂಗೆ ಬಂದಿತ್ತು. ಈ ಹೆಸರನ್ನು ಮೌಶಿ ಹೇಳುತ್ತಾರೆ ಎಂದು ಹುಡುಗರಿಗೆ ಹೇಳಿ ನಾನು ಬೆಂಚಿನ ಮೇಲೆ ಕುಳಿತೆ. ಮೌಶಿ ಮೊದಲು ಸೆರಗು ಸರಿಪಡಿಸಿಕೊಂಡರು.

"ಟ್ಯಾಮರಿಂಡಸ್ ಇಂಡಿಕಾ. ಅರಬ್ಬಿಯೊಳಗ ತಮರ ಅಂದ್ರ ಖಜೂರಿ. ತಮರ್-ಎ-ಹಿಂದ್, ಹಿಂದೂಸ್ತಾನದ ಖಜೂರಿ. ಅದಕ್ಕ ಮತ್ತ ಇಂಡಿಕಾ ಅಂತ ಬಾಲಾ ಹಚ್ಯಾರ. ಎರಡ ಸಲ ನಮ್ಮ ದೇಶದ ಹೆಸರು ಆತು. ಗಿಡದ ಮೂಲ ಮಾತ್ರ ಆಫ್ರಿಕಾ ಅಂತ!"

ಎಲ್ಲರೂ ನಕ್ಕರು, ಮೌಶಿಯೂ. ಒಬ್ಬ ಹುಡುಗಿ, "ನಿಮ್ಮ ಹೆಸರಿನ ಅರ್ಥ ಏನ್ರಿ ಮೌಶಿ?" ಎಂದಳು. "ಜೈತುನ ಅಂದ್ರ ಅದೂ ಒಂದು ಗಿಡಾನ ಅಂತವಾ. ನಾ ಕಣ್ಣಿಲೆ ನೋಡಿಲ್ಲ." ನಾನು ಹಲಗೆಯ ಮೇಲೆ ಆಲಿವ್ ಮರದ ಹೆಸರು ಬರೆದು, ಓಲಿಯಾ ಯುರೋಪಿಯಾ ಎಂದು ಓದಿದೆ. ಅವರು ಎರಡು ಸಲ ಮೆಲ್ಲಗೆ ಹೇಳಿಕೊಂಡರು. ಹೇಗೆ ಹೇಳಬೇಕೆಂದು ಈ ಸಲ ನಾನು ತಿದ್ದಲಿಲ್ಲ.

ನಿವೃತ್ತಿಯ ಬಳಿಕ ಮೌಶಿ ಮೂಡಲಗಿಯ ಮಗಳ ಮನೆಗೆ ಹೋದರು. ಕಳೆದ ಮಳೆಗಾಲ ಮುಗಿಯುತ್ತಲೇ ಅವರ ಫೋನು ಬಂತು: "ಇಲ್ಲಿ ಕೆನಾಲ ದಂಡಿಮ್ಯಾಲ ಒಂದ ಮುಳ್ಳಿನ ಗಿಡ ಐತ್ರಿ, ನೀಲಿ ಹೂ. ಹೆಸರು ಗೊತ್ತಾಗವಲ್ದು. ಪೇಪರಿನ್ಯಾಗ ಒತ್ತಿ ಇಟ್ಟೇನಿ."

ರವಿವಾರ ಬಸ್ಸು ಹಿಡಿದು ಹೋದೆ. ಮೌಶಿ ತೆಳ್ಳಗಾಗಿದ್ದರು, ಎರಡು ಮಾತಿಗೊಮ್ಮೆ ಕೆಮ್ಮು. ಆದರೆ ಗಿಡವನ್ನು ಎಲೆ ಮಡಚದಂತೆ ಚೊಕ್ಕವಾಗಿ ಒಣಗಿಸಿದ್ದರು.

"ಹೈಗ್ರೋಫಿಲಾ ಆರಿಕ್ಯುಲೇಟಾ," ಎಂದೆ. "ಹೈಗ್ರೋಫಿಲಾ ಅಂದ್ರ ಹಸಿನೆಲದ ಮ್ಯಾಲ ಪ್ರೀತಿ ಇದ್ದದ್ದು."

"ಅದಕ್ಕ ಕೆನಾಲ ಬಿಟ್ಟು ಬರವಲ್ದು," ಎಂದರು.

ಕಾಲೇಜಿನ ಸಂಗ್ರಹಕ್ಕೆ ಇದನ್ನು ಒಯ್ಯುತ್ತೇನೆ, ಸಂಗ್ರಹಿಸಿದವರು ಎಂಬಲ್ಲಿ ನಿಮ್ಮ ಹೆಸರು ಬರೆಯುತ್ತೇನೆ ಎಂದೆ. ಅವರು ಪೇಪರಿನ ಅಂಚನ್ನು ಬೆರಳಿನಿಂದ ನೇರಮಾಡಿದರು.

"ಬರೀರಿ. ಆದ್ರ ಕನ್ನಡದಾಗ ಬರೀರಿ ಮ್ಯಾಡಮ್ಮಾರ. ಇಂಗ್ಲಿಷಿನ್ಯಾಗ ಬರದ್ರ ನಾಳೆ ಯಾರರ ತಪ್ಪು ಓದ್ತಾರ."

ಚಳಿಗಾಲ ಕಳೆಯುವ ಮೊದಲೇ ಮೌಶಿ ಹೋದರು. ಆ ಗಿಡ ಅಂಟಿಸಿದ ಹಾಳೆ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಅದರ ಚೀಟಿಯಲ್ಲಿ ಉಳಿದದ್ದೆಲ್ಲ ಇಂಗ್ಲಿಷಿನಲ್ಲಿದೆ. ಒಂದು ಸಾಲು ಮಾತ್ರ ಕನ್ನಡದಲ್ಲಿದೆ. ಹೊಸ ಹುಡುಗರು ಹೈಗ್ರೋಫಿಲಾ ಎನ್ನಲು ತಡವರಿಸುತ್ತಾರೆ. ಜೈತುನಬಿ ಎಂದು ಮಾತ್ರ ಎಲ್ಲರೂ ಸರಿಯಾಗಿ ಓದುತ್ತಾರೆ.